ಎರಡೇ ನಿಮಿಷಕ್ಕೆ ಸೋಲುವ ಕೈಗಳು: ಸಿಪಿಆರ್ ಮತ್ತು ನಮ್ಮ ಮೈಕಸುವಿನ ಲೆಕ್ಕ

ಉಡುಪಿಯ ಒಂದು ಯುವಕ ಮಂಡಲದ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಸಿಪಿಆರ್ ತರಬೇತಿ ಇತ್ತು. ಹೃದಯ ನಿಂತವರ ಎದೆ ಒತ್ತಿ ರಕ್ತ ಓಡಿಸುವ ತುರ್ತು ನೆರವೇ ಸಿಪಿಆರ್. ನೆಲದ ಮೇಲೆ ಸೊಂಟದಿಂದ ಮೇಲಷ್ಟೇ ಇರುವ ಒಂದು ಪ್ಲಾಸ್ಟಿಕ್ ಬೊಂಬೆ. ಅದರ ಎದೆಯನ್ನು ಸರಿಯಾಗಿ ಒತ್ತಿದರೆ ಹಸಿರು ದೀಪ, ಒತ್ತಿದ್ದು ಸಾಲದಿದ್ದರೆ ಹಳದಿ. ಮೊದಲು ಕೂತವನು ದಿನಾ ಜಿಮ್‌ಗೆ ಹೋಗುವ ಹುಡುಗ. ಅರ್ಧ ನಿಮಿಷ ಬರೀ ಹಸಿರು. ಒಂದು ನಿಮಿಷ ದಾಟುವಾಗ ನಡುನಡುವೆ ಹಳದಿ ಇಣುಕಿತು. ಎರಡನೇ ನಿಮಿಷ ಮುಗಿಯುವಾಗ ಹಸಿರು ಅಪರೂಪವಾಯಿತು. "ಸುಸ್ತಾಯ್ತಾ?" ಎಂದು ತರಬೇತಿ ಕೊಡುವವರು ಕೇಳಿದರು. "ಇಲ್ಲ ಸರ್, ಇನ್ನೂ ಐದು ನಿಮಿಷ ಮಾಡ್ತೇನೆ" ಎಂದ. ಅವನು ಸುಳ್ಳು ಹೇಳಲಿಲ್ಲ. ಅವನಿಗೆ ನಿಜವಾಗಿಯೂ ಹಾಗೇ ಅನಿಸುತ್ತಿತ್ತು.

ನನ್ನ ಸರದಿಯಲ್ಲಿ ಹಳದಿ ಬರಲು ಒಂದು ನಿಮಿಷವೂ ಬೇಕಾಗಲಿಲ್ಲ. ಅದನ್ನು ಇಲ್ಲಿ ಜಾಸ್ತಿ ವಿವರಿಸುವುದು ಬೇಡ.

2025ರ ಜೂನ್, ಜುಲೈಯಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನಾ ಸುದ್ದಿಯಾದ ಮೇಲೆ ಇಂಥ ತರಬೇತಿಗಳು ನಮ್ಮ ಕಡೆಯೂ ಹೆಚ್ಚಾಗಿವೆ. ಶಾಲೆಯಲ್ಲಿ, ಆಫೀಸಿನಲ್ಲಿ, ಫ್ಲಾಟ್‌ಗಳ ಪಾರ್ಕಿಂಗ್ ಜಾಗದಲ್ಲಿ ಜನ ಮಂಡಿಯೂರಿ ಬೊಂಬೆ ಒತ್ತುತ್ತಿದ್ದಾರೆ. ಕೈ ಎಲ್ಲಿಡಬೇಕು, ಎಷ್ಟು ಸಲ ಒತ್ತಬೇಕು ಎಂದು ಎಲ್ಲರೂ ಹೇಳಿಕೊಡುತ್ತಾರೆ. ಒತ್ತುವವರ ಮೈಯಲ್ಲಿ ಎಷ್ಟು ಕಸುವಿರಬೇಕು, ಆ ಕಸುವು ಎಷ್ಟು ಹೊತ್ತು ಬಾಳುತ್ತದೆ ಎನ್ನುವ ಮಾತು ಮಾತ್ರ ಕಡಿಮೆ.

## ಎದೆ ಒತ್ತಿದರೆ ಒಳಗೆ ಏನಾಗುತ್ತದೆ

ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳೋಣ. ಹೃದಯಾಘಾತ, ಅಂದರೆ ನಾವು ಹಾರ್ಟ್ ಅಟ್ಯಾಕ್ ಎನ್ನುವುದು, ಹೃದಯಕ್ಕೇ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಆಗ ಎದೆನೋವು, ಬೆವರು, ಉಸಿರಾಡಲು ಕಷ್ಟ. ಮನುಷ್ಯ ಎಚ್ಚರವಿರುತ್ತಾನೆ, ಮಾತಾಡುತ್ತಾನೆ. ಅವನಿಗೆ ಸಿಪಿಆರ್ ಬೇಡ, ಆಸ್ಪತ್ರೆ ಬೇಕು. ಹೃದಯ ಸ್ತಂಭನ ಬೇರೆ. ಅದರಲ್ಲಿ ಹೃದಯ ರಕ್ತ ತಳ್ಳುವುದನ್ನೇ ನಿಲ್ಲಿಸುತ್ತದೆ. ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಹೃದಯಾಘಾತ ಹೃದಯ ಸ್ತಂಭನಕ್ಕೆ ದಾರಿ ಮಾಡಬಹುದು. ಆದರೆ ಎರಡೂ ಒಂದೇ ಅಲ್ಲ. ಜೋರಾಗಿ ಕೆಮ್ಮಿ ನಿಮ್ಮ ಹೃದಯವನ್ನು ನೀವೇ ಉಳಿಸಿಕೊಳ್ಳಿ ಎನ್ನುವ ವಾಟ್ಸ್ಆ್ಯಪ್ ಫಾರ್ವರ್ಡ್ ನಿಮಗೂ ಬಂದಿರಬಹುದು. ಹೃದಯ ನಿಂತವನಿಗೆ ಕೆಮ್ಮುವಷ್ಟು ಎಚ್ಚರ ಎಲ್ಲಿರುತ್ತದೆ, ಅಲ್ವಾ?

ಕರೆದರೆ, ಭುಜ ತಟ್ಟಿದರೆ ಉತ್ತರವಿಲ್ಲ, ಉಸಿರಾಟ ಸರಿಯಾಗಿಲ್ಲ ಎಂದರೆ ಸಿಪಿಆರ್ ಶುರು ಮಾಡಬೇಕು. ಇಲ್ಲಿ ಒಂದು ಮೋಸ ಉಂಟು. ಹೃದಯ ನಿಂತ ಮೇಲೂ ಕೆಲವರು ಸ್ವಲ್ಪ ಹೊತ್ತು ಗೊರಕೆ ಹೊಡೆದ ಹಾಗೆ, ದಡದಲ್ಲಿ ಬಿದ್ದ ಮೀನು ಬಾಯಿ ತೆರೆದ ಹಾಗೆ, ಬಿಟ್ಟುಬಿಟ್ಟು ಉಸಿರೆಳೆಯುತ್ತಾರೆ. ಅದು ಉಸಿರಾಟವಲ್ಲ. ಅದನ್ನು ನೋಡಿ "ಜೀವ ಉಂಟು, ಸ್ವಲ್ಪ ಕಾಯುವ" ಎಂದು ನೀರು ಚಿಮುಕಿಸುತ್ತಾ, ಕಾಲು ತಿಕ್ಕುತ್ತಾ ಕೂರುವುದರಲ್ಲೇ ಅಮೂಲ್ಯ ನಿಮಿಷಗಳು ಹೋಗುತ್ತವೆ. ಏನೂ ಮಾಡದಿದ್ದರೆ ಬದುಕುವ ಸಾಧ್ಯತೆ ಪ್ರತಿ ನಿಮಿಷಕ್ಕೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ.

ಎದೆಯನ್ನು ಕೈಯಿಂದ ಒತ್ತಿ ರಕ್ತ ಓಡಿಸಬಹುದು ಎಂದು ವೈದ್ಯಲೋಕಕ್ಕೆ ಸ್ಪಷ್ಟವಾಗಿ ತೋರಿಸಿದ್ದು 1960ರಲ್ಲಿ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ಮೂವರು: ಕೌವೆನ್‌ಹೋವನ್, ಜೂಡ್, ನಿಕರ್‌ಬಾಕರ್. ನಾಯಿಗಳ ಮೇಲೆ ಪ್ರಯೋಗ ನಡೆಯುವಾಗ ವಿದ್ಯುತ್ ಆಘಾತ ಕೊಡುವ ಭಾರದ ಹಲಗೆಗಳನ್ನು ಎದೆಗೆ ಒತ್ತಿ ಹಿಡಿದಿದ್ದರು. ಹಾಗೆ ಒತ್ತಿದ ಮಾತ್ರಕ್ಕೇ ರಕ್ತದ ಒತ್ತಡ ಏರಿದ್ದು ನಿಕರ್‌ಬಾಕರ್ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಹೃದಯ ನಿಂತರೆ ಎದೆ ಕೊಯ್ದು, ಕೈ ಒಳಗೆ ಹಾಕಿ ಹಿಂಡುವುದೇ ಮುಖ್ಯ ದಾರಿ.

ಎಷ್ಟು ಚೆನ್ನಾಗಿ ಒತ್ತಿದರೂ ಹೃದಯ ತಾನೇ ಮಾಡುವ ಕೆಲಸದ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಮಾತ್ರ ನಮ್ಮ ಕೈಯಿಂದ ಆಗುತ್ತದೆ. ಒಳ್ಳೆಯ ಸಿಪಿಆರ್ ಎಂದರೇ ಅಷ್ಟು. ಕೆಟ್ಟದಾಗಿ ಒತ್ತಿದರೆ ಅದೂ ಇಲ್ಲ. ಹಾಗಾಗಿ ಒತ್ತುವವರ ಸುಸ್ತು ಸಣ್ಣ ವಿಷಯವಲ್ಲ.

ಇನ್ನೊಂದು ಸಂಗತಿ ಅಡಿಕೆ ತೋಟ ಇರುವವರಿಗೆ ತಟ್ಟನೆ ಅರ್ಥವಾಗುತ್ತದೆ. ಪಂಪ್ ಹಾಕಿದ ಕೂಡಲೇ ತೋಟದ ತುದಿಯ ಸ್ಪ್ರಿಂಕ್ಲರ್ ತಿರುಗುವುದಿಲ್ಲ. ಪೈಪ್ ತುಂಬಬೇಕು, ಒತ್ತಡ ಕಟ್ಟಬೇಕು, ಆಮೇಲೆ ನೀರು ಹಾರುತ್ತದೆ. ಕರೆಂಟ್ ಹೋದರೆ ಮಾತ್ರ ಆ ಕ್ಷಣವೇ ಸ್ಪ್ರಿಂಕ್ಲರ್ ತಲೆ ತಗ್ಗಿಸುತ್ತದೆ. ಎದೆ ಒತ್ತುವಾಗಲೂ ಹಾಗೇ. ಒಂದಾದ ಮೇಲೊಂದು ಒತ್ತುತ್ತಾ ಹೋದಂತೆ ಹೃದಯದ ಸ್ನಾಯುವಿಗೆ, ಮಿದುಳಿಗೆ ರಕ್ತ ತಲುಪಿಸುವ ಒತ್ತಡ ನಿಧಾನಕ್ಕೆ ಏರುತ್ತದೆ. ನಿಲ್ಲಿಸಿದರೆ ತಕ್ಷಣ ಬೀಳುತ್ತದೆ. ಮತ್ತೆ ಸೊನ್ನೆಯ ಹತ್ತಿರದಿಂದ ಕಟ್ಟಬೇಕು. ಉಸ್ಸಪ್ಪಾ ಎಂದು ಹತ್ತು ಸೆಕೆಂಡು ನಿಂತರೆ ಹೋಗುವುದು ಹತ್ತು ಸೆಕೆಂಡಿಗಿಂತ ಜಾಸ್ತಿ.

## ಸಿಮೆಂಟ್ ಚೀಲದ ಲೆಕ್ಕ

ದೊಡ್ಡವರಿಗೆ ಎದೆ ಕನಿಷ್ಠ 5 ಸೆಂಟಿಮೀಟರ್ ಒಳಗೆ ಹೋಗಬೇಕು, 6 ಸೆಂಟಿಮೀಟರ್ ದಾಟಬಾರದು. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಬೇಕು. ಮಕ್ಕಳಿಗೆ ಎದೆಯ ದಪ್ಪದ ಸುಮಾರು ಮೂರನೇ ಒಂದು ಭಾಗ ಸಾಕು. ಅವರಿಗೆ ಬಲದ ಸಮಸ್ಯೆ ಅಷ್ಟಿಲ್ಲ. ಇಲ್ಲಿ ಹೇಳುತ್ತಿರುವುದು ದೊಡ್ಡವರ ಎದೆಯ ಬಗ್ಗೆ.

ಆ 5 ಸೆಂಟಿಮೀಟರ್ ಕೇಳಲು ಸಣ್ಣದು. ಒತ್ತಲು ಅಲ್ಲ. ಎದೆಗೂಡು ಮೂಳೆಯದು, ಗಟ್ಟಿ. ಒಬ್ಬೊಬ್ಬರದು ಒಂದೊಂದು ತರಹ. ಮುದುಕರ ಎದೆ, ಯುವಕರ ಎದೆ, ತೆಳ್ಳಗಿನವರದು, ದಪ್ಪಗಿನವರದು ಬೇರೆ ಬೇರೆ. ಸರಾಸರಿ ಹಿಡಿದರೆ ಅಷ್ಟು ಆಳಕ್ಕೆ ಇಳಿಸಲು 40ರಿಂದ 50 ಕೆಜಿ ಭಾರದಷ್ಟು ಬಲ ಬೇಕಾಗುತ್ತದೆ. ಅಂದರೆ ಹತ್ತಿರ ಹತ್ತಿರ ಒಂದು ಸಿಮೆಂಟ್ ಚೀಲವನ್ನು ಅಂಗೈ ಅಗಲದ ಜಾಗದ ಮೇಲೆ ಇಟ್ಟಂತೆ. ಇಟ್ಟು, ತೆಗೆದು, ಮತ್ತೆ ಇಟ್ಟು. ಸೆಕೆಂಡಿಗೆ ಸುಮಾರು ಎರಡು ಸಲ.

ಆಂಬುಲೆನ್ಸ್ ಬರಲು ಹತ್ತು ನಿಮಿಷ ಹಿಡಿಯಿತು ಎಂದುಕೊಳ್ಳಿ. ನಿಮಿಷಕ್ಕೆ 110ರಂತೆ 1,100 ಸಲ. ಮಂಗಳೂರಿನ ಪಂಪ್‌ವೆಲ್‌ನಲ್ಲೋ ಉಡುಪಿಯ ಕಲ್ಸಂಕದಲ್ಲೋ ಸಂಜೆಯ ಹೊತ್ತು ಗಾಡಿ ಸಿಕ್ಕಿಕೊಂಡರೆ ಹತ್ತು ನಿಮಿಷ ಎನ್ನುವುದು ಆಸೆಯ ಮಾತು. ಅದೂ ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲಿ, ಫ್ಯಾನ್ ಇಲ್ಲದ ಅಂಗಳದಲ್ಲಿ ಮಂಡಿಯೂರಿ. ಸುಮ್ನೆ ಕೂತರೇ ಬೆವರು ಇಳಿಯುವ ಊರು ನಮ್ಮದು.

## ಸುಸ್ತು ಹೇಳಿ ಬರುವುದಿಲ್ಲ

ಜಿಮ್ ಹುಡುಗನ ಕಥೆಗೆ ಈಗ ವಾಪಸ್ ಬರೋಣ. ಅವನಿಗೆ ಆದದ್ದು ಎಲ್ಲರಿಗೂ ಆಗುತ್ತದೆ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತರಬೇತಿ ಆದವರಿಂದ ಐದು ನಿಮಿಷ ಬಿಡದೆ ಬೊಂಬೆ ಒತ್ತಿಸಿ ಲೆಕ್ಕ ಹಾಕಿದರು. ಮೊದಲ ನಿಮಿಷದಲ್ಲಿ ಶೇಕಡಾ 90ಕ್ಕೂ ಹೆಚ್ಚು ಒತ್ತುಗಳು ಸರಿಯಾಗಿದ್ದವು. ಮೂರನೇ ನಿಮಿಷಕ್ಕೆ ಅದು 40ರ ಹತ್ತಿರಕ್ಕೆ ಇಳಿಯಿತು. ಐದನೇ ನಿಮಿಷದಲ್ಲಿ 20ಕ್ಕಿಂತಲೂ ಕಡಿಮೆ. ಒತ್ತುತ್ತಿದ್ದವರಿಗೆ ಮಾತ್ರ ತಮ್ಮ ಒತ್ತು ಇಷ್ಟು ಕೆಟ್ಟಿದೆ ಎಂಬ ಅಂದಾಜು ಇರಲಿಲ್ಲ. ಆಮೇಲಿನ ಎಷ್ಟೋ ಪರೀಕ್ಷೆಗಳೂ ಇದನ್ನೇ ಹೇಳಿವೆ: ಒಂದೆರಡು ನಿಮಿಷಕ್ಕೇ ಆಳ ಕಡಿಮೆಯಾಗುತ್ತದೆ, ಅದು ಕೈಗೆ ಗೊತ್ತಾಗುತ್ತದೆ, ತಲೆಗೆ ಗೊತ್ತಾಗುವುದಿಲ್ಲ.

ಯಾಕೆ ಗೊತ್ತಾಗುವುದಿಲ್ಲ? ಒಂದು ಕಾರಣ, ಆ ಹೊತ್ತಿನ ಗಾಬರಿ. ಮೈಯಲ್ಲಿ ಅಡ್ರಿನಾಲಿನ್ ಏರಿರುತ್ತದೆ, ನೋವು ದಣಿವು ಮಸುಕಾಗುತ್ತದೆ. ಇನ್ನೊಂದು, ವೇಗ ಅಷ್ಟು ಬೇಗ ಕೆಡುವುದಿಲ್ಲ. ಕೈ ಅದೇ ಲಯದಲ್ಲಿ ಏಳುತ್ತಾ ಬೀಳುತ್ತಾ ಇರುತ್ತದೆ. ನೋಡುವವರಿಗೂ ಸರಿಯಾಗಿಯೇ ಕಾಣುತ್ತದೆ. ಆಳ ಮಾತ್ರ 5 ಇದ್ದದ್ದು 4 ಆಗಿರುತ್ತದೆ, ಆಮೇಲೆ ಮೂರೂವರೆ. ಹಾಡು ನಿಲ್ಲಲಿಲ್ಲ, ಶ್ರುತಿ ಇಳಿಯಿತು ಎಂದ ಹಾಗೆ.

ಆಳ ಮಾತ್ರವಲ್ಲ, ಸುಸ್ತಾದವರು ಇನ್ನೆರಡು ತಪ್ಪು ಮಾಡುತ್ತಾರೆ. ಒಂದು, ವೇಗ ಹೆಚ್ಚಿಸುವುದು. ಬೇಗ ಬೇಗ ಒತ್ತಿದರೆ ಜಾಸ್ತಿ ಕೆಲಸವಾಗುತ್ತದೆ ಎಂಬ ಭಾವನೆ. 120 ದಾಟಿದ ಹಾಗೆ ಆಳ ಕಡಿಮೆಯಾಗುತ್ತದೆ. ಎರಡು, ಎದೆಯ ಮೇಲೆ ಒರಗಿಕೊಳ್ಳುವುದು. ದಣಿದ ಕೈ ಪೂರ್ತಿ ಮೇಲೆ ಏಳುವುದಿಲ್ಲ, ರೋಗಿಯ ಎದೆಯ ಮೇಲೆಯೇ ವಿಶ್ರಾಂತಿ ಪಡೆಯುತ್ತದೆ. ಹಿಂದೆ ಆಟೋರಿಕ್ಷಾಗಳಲ್ಲಿ ರಬ್ಬರ್ ಉಂಡೆಯ ಹಾರ್ನ್ ಇರುತ್ತಿತ್ತಲ್ಲ, ನೆನಪಿದೆಯಾ? ಹಿಂಡಿದ ಉಂಡೆಯನ್ನು ಪೂರ್ತಿ ಬಿಡದೆ ಮತ್ತೆ ಹಿಂಡಿದರೆ "ಪೋಂ" ಬರುತ್ತಿರಲಿಲ್ಲ. ಒಳಗೆ ಗಾಳಿ ತುಂಬಿಕೊಳ್ಳಲು ಬಿಟ್ಟರೆ ತಾನೇ ಹಿಂಡಿದಾಗ ಹೊರಬರುವುದು? ಹೃದಯಕ್ಕೂ ರಕ್ತ ತುಂಬಿಕೊಳ್ಳಲು ಜಾಗ, ಹೊತ್ತು ಎರಡೂ ಬೇಕು. ಒರಗಿದ ಕೈ ಅದನ್ನು ಕಿತ್ತುಕೊಳ್ಳುತ್ತದೆ.

## ಯಾವ ತರಹದ ಕಸುವು ಬೇಕು?

ಫಿಟ್‌ನೆಸ್ ಎಂದರೆ ಒಂದೇ ವಸ್ತು ಎಂದುಕೊಂಡರೆ ಇಲ್ಲಿ ಗೊಂದಲವಾಗುತ್ತದೆ. ಎದೆ ಒತ್ತುವುದಕ್ಕೆ ಮೂರು ಬೇರೆ ಬೇರೆ ಸಂಗತಿಗಳು ಬೇಕು.

ಮೊದಲನೆಯದು ಮೈತೂಕ. ಇದನ್ನು ಹೇಳಿದರೆ ಜನ ನಗುತ್ತಾರೆ, ಆದರೆ ನಿಜ. ಬೊಂಬೆಯ ಪರೀಕ್ಷೆಗಳಲ್ಲಿ ಸ್ವಲ್ಪ ಭಾರ ಇರುವವರ ಒತ್ತು ತೆಳ್ಳಗಿನವರ ಒತ್ತಿಗಿಂತ ಆಳಕ್ಕೆ ಹೋಗುವುದು ಮತ್ತೆ ಮತ್ತೆ ಕಂಡಿದೆ. ಹೆಂಗಸರ ಒತ್ತಿನ ಆಳ ಸರಾಸರಿಯಲ್ಲಿ ಕಡಿಮೆ ಎಂದು ಕೆಲವು ಕಡೆ ಬರುತ್ತದೆ. ಅದರಲ್ಲೂ ದೊಡ್ಡ ಪಾಲು ತೂಕ, ಕಸುವುಗಳ ವ್ಯತ್ಯಾಸದ್ದೇ. ಬೇರೆ ಎಲ್ಲ ಕಡೆ ವೈದ್ಯರು ಇಳಿಸಿ ಎನ್ನುವ ಹೊಟ್ಟೆಗೆ ಇಲ್ಲೊಂದು ಸಣ್ಣ ಮರ್ಯಾದೆ ಸಿಕ್ಕಿತು ಎನ್ನಬಹುದು. ಆದರೆ ಆ ಮರ್ಯಾದೆ ಒಂದು ನಿಮಿಷಕ್ಕೆ ಮಾತ್ರ. ಏದುಸಿರು ಶುರುವಾದರೆ ತೂಕ ಇದ್ದೂ ಉಪಯೋಗವಿಲ್ಲ.

ಎರಡನೆಯದು ಸ್ನಾಯುಗಳ ಬಲ. ಯಾವ ಸ್ನಾಯು? ಎಲ್ಲರೂ ತೋಳು ಎನ್ನುತ್ತಾರೆ. ತೋಳಿನ ಹಿಂಬದಿಯ ಸ್ನಾಯುಗಳ ಮುಖ್ಯ ಕೆಲಸ ಮೊಣಕೈ ಮಡಚದಂತೆ ನೋಡಿಕೊಳ್ಳುವುದು. ಭುಜ ಮತ್ತು ಎದೆಯ ಸ್ನಾಯುಗಳು ಕೈಯನ್ನು ಜಾಗದಲ್ಲಿ ಹಿಡಿಯುತ್ತವೆ. ಮೈಯನ್ನು ಬಗ್ಗಿಸಿ ಎತ್ತುವ ನಿಜವಾದ ದುಡಿಮೆ ಹೊಟ್ಟೆ, ಸೊಂಟ, ಬೆನ್ನಿನದು. ಸಿಪಿಆರ್ ಮಾಡಿದ ಮಾರನೇ ದಿನ ಆಸ್ಪತ್ರೆಯವರಿಗೂ ಸೊಂಟ ನೋಯುವುದು ಇದಕ್ಕೇ. ಕನ್ನಡಿ ಮುಂದೆ ತೋಳು ಉಬ್ಬಿಸುವ ವ್ಯಾಯಾಮ ಇಲ್ಲಿ ಅಷ್ಟು ಲೆಕ್ಕಕ್ಕೆ ಬರುವುದಿಲ್ಲ.

ಮೂರನೆಯದು ದಮ್ಮು. ಉಸಿರು ಕಟ್ಟದೆ ಕೆಲಸ ಮಾಡುತ್ತಲೇ ಇರುವ ಶಕ್ತಿ. ಕದ್ರಿ ಗುಡ್ಡದ ಮೆಟ್ಟಿಲು ಹತ್ತಿ ಮೇಲೆ ನಿಂತು ಮಾತಾಡಬಲ್ಲವರಿಗೆ ಇದು ಉಂಟು. ಮೊದಲ ಒತ್ತಿನ ಆಳ ತೂಕದಿಂದ, ಬಲದಿಂದ ಬರುತ್ತದೆ. ಇನ್ನೂರನೇ ಒತ್ತಿನ ಆಳ ದಮ್ಮಿನಿಂದ ಬರುತ್ತದೆ. ಕೆಲವು ವಾರ ಬಲದ ವ್ಯಾಯಾಮ ಮಾಡಿದವರ ಒತ್ತಿನ ಗುಣಮಟ್ಟ ಸುಧಾರಿಸಿದ್ದು ಪರೀಕ್ಷೆಗಳಲ್ಲಿ ಕಂಡಿದೆ. ಹಾಗಾದರೆ ಏನು ಮಾಡಬೇಕು ಎಂದರೆ ದೊಡ್ಡ ಗುಟ್ಟೇನೂ ಇಲ್ಲ. ದಂಡ ಹೊಡೆಯುವುದು, ಪ್ಲ್ಯಾಂಕ್, ಬೆನ್ನಿಗೆ ಬಲ ಕೊಡುವ ವ್ಯಾಯಾಮ, ಜತೆಗೆ ಬಿರುಸು ನಡಿಗೆಯೋ ಈಜೋ ಸೈಕಲ್ಲೋ. ಮಂಡಿಯೂರಿ ಎರಡು ನಿಮಿಷ ಕೂರಲು ಆಗುತ್ತದೆಯೇ ಎಂದೂ ನೋಡಿಕೊಳ್ಳಿ. ಕುರ್ಚಿ, ಕಮೋಡ್ ಕಾಲದಲ್ಲಿ ಎಷ್ಟೋ ಜನರಿಗೆ ಕೈ ಸೋಲುವ ಮೊದಲು ಮಂಡಿ ಸೋಲುತ್ತದೆ.

## ಶಾವಿಗೆ ಮಣೆಯ ಪಾಠ

ಕಸುವು ಕಡಿಮೆ ಇದ್ದವರು ಕೈಚೆಲ್ಲಬೇಕಾ? ಬೇಡ. ತರಬೇತಿಯ ದಿನ ಹಸಿರು ದೀಪ ಹೆಚ್ಚು ಹೊತ್ತು ಉಳಿಸಿಕೊಂಡವರು ಜಿಮ್ ಹುಡುಗನಲ್ಲ, ಐವತ್ತರ ಆಸುಪಾಸಿನ ಒಬ್ಬ ಅಂಗನವಾಡಿ ಟೀಚರ್. "ಅಕ್ಕ, ಹೇಗೆ ಮಾಡಿದ್ರಿ?" ಎಂದರೆ, "ಶಾವಿಗೆ ಒತ್ತಿ ಅಭ್ಯಾಸ ಮಾರಾಯ್ರೆ" ಎಂದು ನಕ್ಕರು. ತಮಾಷೆಗೆ ಹೇಳಿದ್ದಿರಬಹುದು. ಆದರೆ ಅದರಲ್ಲಿ ಇಡೀ ತಂತ್ರ ಅಡಗಿದೆ.

ಬೇಯಿಸಿದ ಅಕ್ಕಿ ಉಂಡೆಯನ್ನು ಬಿಸಿ ಇರುವಾಗಲೇ ಮಣೆಗೆ ಹಾಕಿ ಒತ್ತಬೇಕು. ಆರಿದರೆ ಇಳಿಯುವುದೇ ಇಲ್ಲ. ಹೊಸಬರು ತೋಳಿನ ಬಲದಿಂದ ಒತ್ತುತ್ತಾರೆ, ಮೂರನೇ ಉಂಡೆಗೆ ಸೋಲುತ್ತಾರೆ. ಗೊತ್ತಿದ್ದವರು ಹಿಡಿಕೆಯ ಮೇಲೆ ಕೈ ನೇರ ಇಟ್ಟು ಮೈಭಾರವನ್ನೇ ಬಿಡುತ್ತಾರೆ. ಒತ್ತುವುದು ಮೈ, ಕೈ ಬರೀ ಕಂಬ.

ಎದೆ ಒತ್ತುವಾಗಲೂ ಅದೇ. ಮಂಡಿಗಳು ರೋಗಿಯ ಪಕ್ಕೆಗೆ ತಾಗುವಷ್ಟು ಹತ್ತಿರ, ನಡುವೆ ಭುಜದಷ್ಟು ಅಗಲ. ದೂರ ಕೂತರೆ ಒತ್ತು ಓರೆಯಾಗುತ್ತದೆ, ಅರ್ಧ ಬಲ ವ್ಯರ್ಥ. ಒಂದು ಅಂಗೈಯ ಬುಡ ಎದೆಮೂಳೆಯ ಕೆಳ ಅರ್ಧದ ಮೇಲೆ, ಇನ್ನೊಂದು ಕೈ ಅದರ ಮೇಲೆ. ಮೊಣಕೈ ಮಡಚಬಾರದು. ನಿಮ್ಮ ಭುಜ ನಿಮ್ಮ ಅಂಗೈಯ ನೇರ ಮೇಲೆ ಬರಬೇಕು. ಮೂಗಿನಿಂದ ಒಂದು ಹನಿ ಬೆವರು ಬಿದ್ದರೆ ಅದು ನಿಮ್ಮ ಕೈಯ ಹಿಂಬದಿಗೇ ಬೀಳಬೇಕು, ಅಷ್ಟು ನೇರ. ಆಮೇಲೆ ಸೊಂಟದಿಂದ ಬಗ್ಗಿ ಮೇಲುಮೈಯನ್ನು ಬೀಳಲು ಬಿಡಿ. ಅವಲಕ್ಕಿ ಕುಟ್ಟುವ ಒನಕೆಯನ್ನು ಯಾರೂ ಕೆಳಗೆ ತಳ್ಳುವುದಿಲ್ಲ. ಎತ್ತುತ್ತಾರೆ, ಅದರ ಭಾರಕ್ಕೆ ಅದು ಬೀಳುತ್ತದೆ. 45 ಕೆಜಿಯ ಮನುಷ್ಯ 50 ಕೆಜಿಯಷ್ಟು ಒತ್ತುವುದು ಹೇಗೆ ಎಂಬ ಪ್ರಶ್ನೆಗೂ ಉತ್ತರ ಒನಕೆಯಲ್ಲೇ ಇದೆ. ಬೀಳುವ ಮೈಗೆ ತೂಕದ ಜತೆ ವೇಗವೂ ಸೇರುತ್ತದೆ.

ಕೆಳಗೆ ಗಟ್ಟಿ ನೆಲ ಇರಬೇಕು. ಹಾಸಿಗೆಯ ಮೇಲೆ ಒತ್ತಿದರೆ ನಿಮ್ಮ ಬಲದ ಒಂದು ಪಾಲನ್ನು ಫೋಮ್ ನುಂಗುತ್ತದೆ. ಕಷ್ಟಪಡುವುದು ನೀವು, ಕೆಳಗೆ ಹೋಗುವುದು ಹಾಸಿಗೆ. ಬೆಡ್‌ಶೀಟ್ ಸಮೇತ ಎಳೆದು, ತಲೆಗೆ ಪೆಟ್ಟಾಗದಂತೆ ನೆಲಕ್ಕೆ ಇಳಿಸಲು ಆಗುವುದಾದರೆ ಇಳಿಸಿ.

ಒತ್ತುವಾಗ "ಕಟಕ್" ಎಂದು ಪಕ್ಕೆಲುಬು ಮುರಿದ ಶಬ್ದ ಬರಬಹುದು. ಸಾಮಾನ್ಯ ಅದು. ಹೆದರಿ ಒತ್ತು ಕಡಿಮೆ ಮಾಡುವವರೇ ಹೆಚ್ಚು. ಪಕ್ಕೆಲುಬು ಕೂಡಿಕೊಳ್ಳುತ್ತದೆ. ಕೈ ಇಟ್ಟ ಜಾಗ ಸರಿ ಇದೆಯೇ ನೋಡಿ, ಮುಂದುವರಿಸಿ.

## ತಾಳ ನಿಲ್ಲದಂತೆ ಕೈ ಬದಲು

ಎಂಥ ಪೈಲ್ವಾನನಾದರೂ ಎರಡು ನಿಮಿಷಕ್ಕೆ ಜಾಗ ಬಿಡಬೇಕು. ಜಗತ್ತಿನ ಎಲ್ಲ ಮುಖ್ಯ ಮಾರ್ಗಸೂಚಿಗಳೂ ಹೀಗೆಯೇ ಹೇಳುತ್ತವೆ. ದಣಿವು ಅನಿಸಿದರೆ ಇನ್ನೂ ಬೇಗ ಬಿಡಬಹುದು. ಆದರೆ ದಣಿವು ಅನಿಸುವವರೆಗೆ ಕಾಯುವುದು ತಪ್ಪು. ಅನಿಸುವ ಹೊತ್ತಿಗೆ ಆಳ ಹೋಗಿ ಆಗಿರುತ್ತದೆ. ಗಡಿಯಾರ ನೋಡಿ ಬದಲಿಸಬೇಕು, ಮುಖ ನೋಡಿ ಅಲ್ಲ.

ಬದಲಿಸುವಾಗ ಐದು ಸೆಕೆಂಡಿಗಿಂತ ಹೆಚ್ಚು ಹೋಗಬಾರದು. ಯಕ್ಷಗಾನದಲ್ಲಿ ನಡುರಾತ್ರಿ ಭಾಗವತರು ಬದಲಾಗುವುದನ್ನು ನೋಡಿದ್ದೀರಲ್ಲ. ಒಬ್ಬರು ಏಳುತ್ತಾರೆ, ಇನ್ನೊಬ್ಬರು ಕೂರುತ್ತಾರೆ, ಚೆಂಡೆ ಮದ್ದಳೆಯ ಲಯ ಹರಿಯುತ್ತಲೇ ಇರುತ್ತದೆ. ಹಾಗೆ. ಮುಂದಿನವರು ರೋಗಿಯ ಇನ್ನೊಂದು ಬದಿಯಲ್ಲಿ ಮೊದಲೇ ಮಂಡಿಯೂರಿ ತಯಾರಿರಬೇಕು. ಒತ್ತುವವರು ಗಟ್ಟಿಯಾಗಿ ಎಣಿಸುತ್ತಿರಬೇಕು. "ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು, ನೀವು" ಎಂದು ಒಬ್ಬರು ಕೈ ತೆಗೆಯುವಾಗ ಇನ್ನೊಬ್ಬರ ಕೈ ಬಿದ್ದಿರಬೇಕು. ಮೂರನೆಯವರು ಇದ್ದರೆ ಅವರಿಗೆ ಮೊಬೈಲ್ ಕೊಡಿ. ಸಮಯ ಹೇಳುವುದು, ಎದೆ ಪೂರ್ತಿ ಮೇಲೆ ಬರುತ್ತಿದೆಯೇ ಎಂದು ನೋಡುವುದು ಅವರ ಕೆಲಸ. ಮೊಬೈಲ್‌ನಲ್ಲಿ ಒಂದೇ ವೇಗದಲ್ಲಿ ತಾಳ ಹಾಕುವ ಮೆಟ್ರೋನೋಮ್ ಆ್ಯಪ್ ಹಾಕಿ 110ಕ್ಕೆ ಇಟ್ಟರೆ ವೇಗದ ಚಿಂತೆ ಇಲ್ಲ.

ಸುತ್ತ ನಿಂತು ಮೊಬೈಲ್ ಹಿಡಿದ ಇಪ್ಪತ್ತು ಜನರಲ್ಲಿ ಒಬ್ಬರನ್ನು ಕೈ ತೋರಿಸಿ "ಅಣ್ಣ, ಕೆಂಪು ಶರ್ಟ್, ನೀವು ಬನ್ನಿ, ಮುಂದಿನ ಸರದಿ ನಿಮ್ಮದು" ಎಂದು ಕರೆಯಿರಿ. "ಯಾರಾದರೂ ಬನ್ನಿ" ಎಂದರೆ ಯಾರೂ ಬರುವುದಿಲ್ಲ. ಪೊಲೀಸ್, ಕೋರ್ಟು ಎಂಬ ಹೆದರಿಕೆಯೂ ಬೇಡ. ತುರ್ತಿನಲ್ಲಿ ನೆರವಾದವರನ್ನು ರಕ್ಷಿಸಲೆಂದೇ ಕರ್ನಾಟಕ ಕಾನೂನು ಮಾಡಿದೆ.

ಒಂದು ಸೂಕ್ಷ್ಮವೂ ಇದೆ. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಗೊತ್ತಿಲ್ಲದವರು, ಮನಸ್ಸಿಲ್ಲದವರು ಎದೆ ಮಾತ್ರ ಒತ್ತಿದರೆ ಸಾಕು. ಭಾರತದಲ್ಲಿ ಅರಿವಳಿಕೆ ತಜ್ಞರ ಸಂಘ ಸಾಮಾನ್ಯ ಜನರಿಗೆ ಕಲಿಸುತ್ತಿರುವುದೂ ಇದನ್ನೇ. ಕಲಿಯಲು ಇದು ಸುಲಭ, ಮೈಗೆ ಮಾತ್ರ ಕಷ್ಟ. ಮೂವತ್ತು ಒತ್ತಿಗೆ ಎರಡು ಉಸಿರು ಎನ್ನುವ ಕ್ರಮದಲ್ಲಿ ಕೈಗೆ ನಡುವೆ ಕೆಲವು ಸೆಕೆಂಡು ಬಿಡುವು ಸಿಗುತ್ತದೆ. ಬರೀ ಒತ್ತುವುದರಲ್ಲಿ ಅದೂ ಇಲ್ಲ. ಹಾಗಾಗಿ ಸುಸ್ತು ಬೇಗ, ಕೈ ಬದಲಿಸುವ ಅಗತ್ಯ ಜಾಸ್ತಿ.

## ಕಡಲ ತೀರದ ಲೆಕ್ಕ ಬೇರೆ

ಮಲ್ಪೆ, ಕಾಪು, ಪಣಂಬೂರು, ಸೋಮೇಶ್ವರ ಇರುವ ಊರಿನಲ್ಲಿ ಈ ಮಾತು ಹೇಳದೆ ಇರಲಾಗದು. ನೀರಲ್ಲಿ ಮುಳುಗಿದವರ ಹೃದಯ ನಿಲ್ಲುವುದು ಉಸಿರು ಸಿಗದೆ. ಅವರ ರಕ್ತದಲ್ಲಿ ಆಮ್ಲಜನಕ ಆಗಲೇ ಖಾಲಿ. ಬರೀ ಎದೆ ಒತ್ತಿದರೆ ಆಮ್ಲಜನಕ ಇಲ್ಲದ ರಕ್ತವನ್ನೇ ತಿರುಗಿಸಿದ ಹಾಗೆ. ಅವರಿಗೆ ಉಸಿರೂ ಕೊಡಬೇಕು, ಒತ್ತಲೂ ಬೇಕು. ಕಾಲು ಮೇಲೆ ಮಾಡಿ ತಿರುಗಿಸುವುದು, ಹೊಟ್ಟೆ ಅಮುಕಿ ನೀರು ತೆಗೆಯುವುದು ಬೇಡ. ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದು ಉಸಿರಿನ ದಾರಿ ಸೇರುತ್ತದೆ.

ಮೈಕಸುವಿನ ಪ್ರಶ್ನೆ ಇಲ್ಲಿ ಇನ್ನೂ ಗಟ್ಟಿ. ಅಲೆಗಳಲ್ಲಿ ಈಜಿ, ಮುಳುಗುತ್ತಿರುವವರನ್ನು ಎಳೆದು ತಂದವರು ದಡ ಮುಟ್ಟುವಾಗಲೇ ಅರ್ಧ ಜೀವವಾಗಿರುತ್ತಾರೆ. ಜೀವರಕ್ಷಕರ ಮೇಲೆ ನಡೆದ ಪರೀಕ್ಷೆಗಳಲ್ಲೂ ಈಜಿ ಬಂದ ದಣಿವು ಒತ್ತಿನ ಗುಣಮಟ್ಟ ಇಳಿಸಬಹುದು ಎಂದು ಕಂಡಿದೆ. ಆದರೆ ನಾವು ನೋಡುವುದೇನು? ತಂದವನೇ ಒತ್ತಲಿ ಎಂದು ಸುತ್ತ ಗುಂಪು ಕಟ್ಟಿ ನಿಲ್ಲುವುದು. ದಡದಲ್ಲಿ ನಿಂತು ದಣಿಯದೆ ಇರುವವರು ಮೊದಲ ಸರದಿ ತೆಗೆದುಕೊಳ್ಳಬೇಕು. ಸಡಿಲ ಮರಳು ಹಾಸಿಗೆಯ ಹಾಗೆ ಬಲ ನುಂಗುತ್ತದೆ. ನೀರು ತಾಗಿ ಗಟ್ಟಿಯಾದ ಮರಳಿನಲ್ಲಿ, ಅಲೆ ತಾಗದ ಕಡೆ, ತಲೆ ಮತ್ತು ಮೈ ಒಂದೇ ಮಟ್ಟದಲ್ಲಿ ಇರುವಂತೆ ತೀರಕ್ಕೆ ಸಮಾನಾಂತರ ಮಲಗಿಸಬೇಕು. ಬಾವಿಯಿಂದ, ಕೆರೆಯಿಂದ ಎತ್ತಿದವರಿಗೂ ಇದೇ ಕ್ರಮ. ಹಗ್ಗ ಹಿಡಿದು ಬಾವಿಗೆ ಇಳಿದವನನ್ನು ಆಮೇಲೆ ಕೂರಲು ಬಿಡಿ.

## ಮನೆಯಲ್ಲಿ ಇಬ್ಬರೇ ಇದ್ದರೆ

ಇಷ್ಟು ಹೊತ್ತು ಹೇಳಿದ್ದರಲ್ಲಿ ಒಂದು ಸುಲಭದ ಊಹೆ ಇತ್ತು: ಕೈ ಬದಲಿಸಲು ಜನ ಇರುತ್ತಾರೆ ಎಂಬುದು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಇರುವುದು ಇಬ್ಬರೇ. ಮಗ ಬೆಂಗಳೂರು, ಮಗಳು ದುಬೈ. ಗೇಟಿನಿಂದ ಮುಖ್ಯ ರಸ್ತೆಗೆ ಒಂದು ಫರ್ಲಾಂಗ್ ಮಣ್ಣಿನ ದಾರಿ. ಎಪ್ಪತ್ತು ದಾಟಿದ ಅಪ್ಪ ಬಿದ್ದರೆ ಒತ್ತಬೇಕಾದವರು ಅರವತ್ತೈದರ, ಮಂಡಿನೋವಿನ, 45 ಕೆಜಿಯ ಅಮ್ಮ. ಹೃದಯ ಸ್ತಂಭನ ಹೆಚ್ಚಾಗಿ ಆಗುವುದು ಮನೆಯಲ್ಲೇ. ಮಾರ್ಗಸೂಚಿಯ 5 ಸೆಂಟಿಮೀಟರ್ ಆ ಅಮ್ಮನಿಂದ ಹತ್ತು ನಿಮಿಷ ಆಗುವುದಿಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆದರೂ ಅವರು ಒತ್ತಬೇಕಾ? ಒತ್ತಬೇಕು. ನಾಲ್ಕು ಸೆಂಟಿಮೀಟರ್ ಒತ್ತು ಐದರಷ್ಟು ಒಳ್ಳೆಯದಲ್ಲ, ಸೊನ್ನೆಗಿಂತ ಎಷ್ಟೋ ಒಳ್ಳೆಯದು. ಕ್ರಮ ಹೀಗಿರಲಿ. ಮೊದಲು 108ಕ್ಕೋ 112ಕ್ಕೋ ಕರೆ, ಫೋನ್ ಸ್ಪೀಕರ್‌ನಲ್ಲಿಟ್ಟು ನೆಲದ ಮೇಲೆ. ಮಾತಾಡುತ್ತಲೇ ಒತ್ತಲು ಶುರು. ಬಾಗಿಲ ಚಿಲಕ ಹತ್ತಿರದಲ್ಲೇ ಇದ್ದರೆ ತೆಗೆದುಬಿಡಿ. ನೆರೆಯವರನ್ನು ಕೂಗಿ ಕರೆಯಿರಿ, ಮರ್ಯಾದೆ ನೋಡಬೇಡಿ. ಒಬ್ಬರೇ ಇದ್ದು ತೀರಾ ಸೋತರೆ ಕೆಲವೇ ಸೆಕೆಂಡು ಕೈ ಕೊಡವಿ ಮತ್ತೆ ಒತ್ತಿ. ಒರಗಿಕೊಂಡು ಅರೆಬರೆ ಒತ್ತುತ್ತಾ ಹೋಗುವುದಕ್ಕಿಂತ ಅದೇ ವಾಸಿ ಎಂದು ನನಗನಿಸುತ್ತದೆ. ಒತ್ತುವವರಿಗೇ ಹೃದ್ರೋಗ ಇದ್ದರೆ, ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ನಿಲ್ಲಿಸಬೇಕು. ನೆಲದ ಮೇಲೆ ಇಬ್ಬರು ಮಲಗುವುದು ಬೇಡ.

ಎಇಡಿ ಎನ್ನುವ ಯಂತ್ರ ಹತ್ತಿರದಲ್ಲಿದ್ದರೆ ಯಾರನ್ನಾದರೂ ಓಡಿಸಿ ತರಿಸಿ. ಅದು ತಾನೇ ಹೃದಯದ ಲಯ ನೋಡಿ, ಬೇಕಿದ್ದರೆ ಮಾತ್ರ ವಿದ್ಯುತ್ ಆಘಾತ ಕೊಡಿಸುತ್ತದೆ, ಏನು ಮಾಡಬೇಕೆಂದು ಧ್ವನಿಯಲ್ಲಿ ಹೇಳುತ್ತದೆ. ಅದಕ್ಕೆ ಮೈಕಸುವು ಬೇಡ. ಆದರೆ ಅದು ಬರುವವರೆಗೆ ಒತ್ತಲು ಬೇಕು.

ತರಬೇತಿ ಮುಗಿಸಿ ಬಂದ ಸಂಜೆ ನಾನು ನಮ್ಮ ಓಣಿಯ ಲೆಕ್ಕ ಹಾಕಿದೆ. ಒಂಬತ್ತು ಮನೆ. ವಾರದ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಮಂಡಿಯೂರಿ ಎರಡು ನಿಮಿಷ ಒತ್ತಬಲ್ಲವರು ಯಾರು ಯಾರು ಇರುತ್ತಾರೆ? ಮೂಲೆಮನೆಯಲ್ಲಿ ಪರೀಕ್ಷೆಗೆ ಓದುತ್ತಿರುವ ಹುಡುಗ. ಟೈಲರ್ ಅಕ್ಕ, ಅವರ ಅಂಗಡಿ ಮನೆಯಲ್ಲೇ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿರುವ ಒಬ್ಬ ಸೆಕ್ಯೂರಿಟಿಯವರು. ಮೂರು ಜನ. ತಲಾ ಎರಡು ನಿಮಿಷ ಒತ್ತಿ, ನಾಲ್ಕು ನಿಮಿಷ ಕೂತು ದಣಿವಾರಿಸಿಕೊಳ್ಳಬಹುದು. ಮೂವರ ನಂಬರೂ ಈಗ ಅಮ್ಮನ ಫೋನಿನಲ್ಲಿ ಮೊದಲ ಸಾಲಿನಲ್ಲಿವೆ. ಹುಡುಗನ ಪರೀಕ್ಷೆ ಮುಗಿದರೆ ಮೂಡುಬಿದಿರೆಯ ಹಾಸ್ಟೆಲ್‌ಗೆ ಹೋಗುತ್ತಾನಂತೆ. ಆಗ ಮತ್ತೆ ಎಣಿಸಬೇಕು.